ಬೆಟ್ಸ್ ಹೆಸರಿನಲ್ಲಿ ಮೂರು ಜಗಳ

2025ರ ಬೇಸ್‌ಬಾಲ್ ಫೈನಲ್, ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಟೊರಾಂಟೊದಲ್ಲಿ ಮಧ್ಯರಾತ್ರಿ ದಾಟಿತ್ತು. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಿದ್ದ ಆಟ ಹನ್ನೊಂದನೆಯದಕ್ಕೆ ಬಂದು ನಿಂತಿತ್ತು. ಲಾಸ್ ಏಂಜಲೀಸ್ ಡಾಜರ್ಸ್ 5-4ರಿಂದ ಮುಂದಿತ್ತು. ಆದರೆ ಬ್ಲೂ ಜೇಸ್ ತಂಡದ ಒಬ್ಬ ಮೂರನೇ ಬೇಸ್‌ನಲ್ಲಿ, ಇನ್ನೊಬ್ಬ ಮೊದಲನೇ ಬೇಸ್‌ನಲ್ಲಿ ಓಡಲು ಕಾಯುತ್ತಿದ್ದರು, ಔಟಾಗಿದ್ದವರು ಒಬ್ಬರೇ. ಅಲೆಹಾಂಡ್ರೊ ಕರ್ಕ್ ಬೀಸಿದರು, ಬ್ಯಾಟು ಮುರಿಯಿತು, ಚೆಂಡು ಪುಟಿಯುತ್ತ ಶಾರ್ಟ್‌ಸ್ಟಾಪ್ ಕಡೆಗೆ ಬಂತು. ಅಲ್ಲಿದ್ದ ಮೂಕಿ ಬೆಟ್ಸ್ ಅದನ್ನು ಬಾಚಿಕೊಂಡು, ತಾವೇ ಓಡಿ ಎರಡನೇ ಬೇಸ್ ತುಳಿದು, ಓಡುತ್ತಿದ್ದ ಹಾಗೆಯೇ ಮೊದಲನೇ ಬೇಸ್‌ಗೆ ಎಸೆದರು. ಒಂದೇ ಹೊಡೆತಕ್ಕೆ ಇಬ್ಬರು ಔಟ್. ಡಾಜರ್ಸ್ ಸತತ ಎರಡನೇ ವರ್ಷ ಚಾಂಪಿಯನ್.

ಬಾಸ್ಟನ್ ನಗರದ ರೆಡ್ ಸಾಕ್ಸ್ ಅಭಿಮಾನಿಗೆ ಈ ದೃಶ್ಯದಲ್ಲಿ ಹೊಟ್ಟೆ ಉರಿಯಲು ಎಲ್ಲ ಸಾಮಗ್ರಿಯೂ ಇತ್ತು. ಬೆಟ್ಸ್ ಅವರನ್ನು ಹೈಸ್ಕೂಲು ಮುಗಿಸಿದ ಹುಡುಗನಾಗಿದ್ದಾಗ ಹುಡುಕಿ ತಂದು ಬೆಳೆಸಿದ್ದು ರೆಡ್ ಸಾಕ್ಸ್. 2018ರಲ್ಲಿ ಆ ತಂಡ ಚಾಂಪಿಯನ್ ಆದಾಗ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವರೂ ಬೆಟ್ಸ್. ಇನ್ನೊಂದು ಸೀಸನ್ ಕಳೆಯುತ್ತಲೇ ತಂಡ ಅವರನ್ನು ಕೈಬಿಟ್ಟಿತು. ಅದೂ ಸಾಲದೆಂಬಂತೆ, ಬಾಸ್ಟನ್‌ನಲ್ಲಿ ಬೌಂಡರಿ ಹತ್ತಿರ ನಿಲ್ಲುತ್ತಿದ್ದ ಅದೇ ಆಟಗಾರ ಇಲ್ಲಿ ಮೈದಾನದ ಅತಿ ಕಷ್ಟದ ಜಾಗಗಳಲ್ಲೊಂದರಲ್ಲಿ ನಿಂತು ಕಪ್ ಗೆದ್ದುಕೊಡುತ್ತಿದ್ದರು.

ಅಮೆರಿಕದ ದೊಡ್ಡ ಲೀಗಿನಲ್ಲಿ ಪ್ರತಿ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಹೆಚ್ಚುಕಡಿಮೆ ಪ್ರತಿದಿನ ಆಟ. ಆಮೇಲೆ ಚಳಿಗಾಲ; ಮಾರ್ಚ್‌ವರೆಗೆ ಮೈದಾನ ಖಾಲಿ. ಆದರೆ ಬಾಯಿಗೆ ರಜೆ ಇಲ್ಲ. ಯಾರನ್ನು ಕೊಟ್ಟು ಯಾರನ್ನು ತಂದರು, ಯಾರನ್ನು ಎಲ್ಲಿ ನಿಲ್ಲಿಸಬೇಕು, ಹೊಸ ಹುಡುಗರ ಮೇಲೆ ಎಷ್ಟು ದುಡ್ಡು ಸುರಿಯಬೇಕು ಎಂಬ ಮೂರು ವಿಷಯಗಳ ಮೇಲೆ ರೇಡಿಯೊ ಕಾರ್ಯಕ್ರಮಗಳಿಂದ ಹಿಡಿದು ಬಾರ್ ಕಟ್ಟೆಯವರೆಗೆ ವಾದ ನಡೆಯುತ್ತಲೇ ಇರುತ್ತದೆ. ಈ ಮೂರೂ ವಾದಗಳು ಒಬ್ಬನೇ ಆಟಗಾರನ ಬದುಕಿನಲ್ಲಿ ಹಾದುಹೋಗಿರುವುದರಿಂದ ಬೆಟ್ಸ್ ಕಥೆಯನ್ನೇ ಹಿಡಿದು ನೋಡುವುದು ಸುಲಭ.

ಮೊದಲು ಟ್ರೇಡ್. ಎರಡು ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು. ಇದರಲ್ಲಿ ಆಟಗಾರನ ಒಪ್ಪಿಗೆ ಸಾಮಾನ್ಯವಾಗಿ ಬೇಕಾಗಿಲ್ಲ. ಹತ್ತು ವರ್ಷ ದೊಡ್ಡ ಲೀಗಿನಲ್ಲಿ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವರಿಗೆ ಬೇಡ ಎನ್ನುವ ಹಕ್ಕುಂಟು. ಕೆಲವರು ಕರಾರಿನಲ್ಲೇ ಆ ಷರತ್ತು ಬರೆಸಿಕೊಂಡಿರುತ್ತಾರೆ. ಉಳಿದವರು ಫೋನ್ ಬಂದ ದಿನ ಗಂಟುಮೂಟೆ ಕಟ್ಟಬೇಕು. 1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಕ್ಕೆ ಕಳಿಸಿದಾಗ, ನಾನೇನು ಮಾರುವ ಸರಕಲ್ಲ ಎಂದು ಅವರು ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತರು, ಅಷ್ಟರಲ್ಲಿ ಆಟದ ಬದುಕೂ ಮುಗಿದಿತ್ತು. ಆದರೂ ಆ ಹೋರಾಟ ಹಚ್ಚಿದ ಕಿಚ್ಚಿನಿಂದಲೇ ಮುಂದೆ ಆಟಗಾರರಿಗೆ ಒಂದು ಸ್ವಾತಂತ್ರ್ಯ ಸಿಕ್ಕಿತು: ದೊಡ್ಡ ಲೀಗಿನಲ್ಲಿ ಆರು ವರ್ಷ ಪೂರೈಸಿ, ಕರಾರು ಮುಗಿದರೆ ಬೇಕಾದ ತಂಡಕ್ಕೆ ಹೋಗಬಹುದು.

ಈ ಆರು ವರ್ಷದ ಲೆಕ್ಕವೇ ಬೆಟ್ಸ್ ಟ್ರೇಡಿನ ಮೂಲ. 2020ರ ಸೀಸನ್ ಮುಗಿದರೆ ಅವರು ಸ್ವತಂತ್ರರು. ಆಮೇಲೆ ಕೈಗೆ ಏನೂ ಸಿಗದೆ ಹೋಗುವುದಕ್ಕಿಂತ ಈಗಲೇ ಕೊಟ್ಟು ನಾಲ್ಕು ಹುಡುಗರನ್ನಾದರೂ ತರೋಣ ಎನ್ನುವುದು ಒಂದು ವಾದ. ಜೊತೆಗೆ ತೆರಿಗೆಯ ಕಾಟ. ಆಟಗಾರರ ಒಟ್ಟು ಸಂಬಳ ಒಂದು ಮಿತಿ ದಾಟಿದರೆ ತಂಡ ಲೀಗಿಗೆ ದಂಡ ಕಟ್ಟಬೇಕು. ವರ್ಷದ ಮೇಲೆ ವರ್ಷ ದಾಟಿದರೆ ದಂಡದ ದರವೂ ಏರುತ್ತದೆ. 2020ರಲ್ಲಿ ಆ ಮಿತಿ 20.8 ಕೋಟಿ ಡಾಲರ್. 2018, 2019 ಎರಡೂ ವರ್ಷ ಮಿತಿ ದಾಟಿದ್ದ ರೆಡ್ ಸಾಕ್ಸ್‌ಗೆ ಒಂದು ವರ್ಷವಾದರೂ ಕೆಳಗಿಳಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಬೆಟ್ಸ್ ಅವರ ಆ ವರ್ಷದ ಸಂಬಳವೇ 2.7 ಕೋಟಿ ಡಾಲರ್.

2020ರ ಫೆಬ್ರುವರಿಯಲ್ಲಿ ಸುದ್ದಿ ಬಂತು. ಮೊದಲು ಮೂರು ತಂಡಗಳ ಒಪ್ಪಂದವಾಗಿತ್ತು. ಮಿನೆಸೋಟದಿಂದ ಬರಬೇಕಿದ್ದ ಪಿಚರ್ ಒಬ್ಬರ ವೈದ್ಯಕೀಯ ವರದಿ ನೋಡಿ ಬಾಸ್ಟನ್ ಹಿಂಜರಿಯಿತು. ಮುರಿದ ಒಪ್ಪಂದವನ್ನು ಮತ್ತೆ ಕಟ್ಟುವಷ್ಟರಲ್ಲಿ ಅಭಿಮಾನಿಗಳು ಎರಡು ಬಾರಿ ಸತ್ತು ಬದುಕಿದ್ದರು. ಕೊನೆಗೆ ಬೆಟ್ಸ್ ಜೊತೆ ಡೇವಿಡ್ ಪ್ರೈಸ್ ಎಂಬ ದುಬಾರಿ ಪಿಚರ್ ಕೂಡ ಡಾಜರ್ಸ್‌ಗೆ ಹೋದರು. ಬಾಸ್ಟನ್‌ಗೆ ಬಂದವರು ಅಲೆಕ್ಸ್ ವರ್ಡುಗೊ, ಕಾನರ್ ವಾಂಗ್ ಮತ್ತು ಜೀಟರ್ ಡೌನ್ಸ್. ಕೊನೆಯವರಿಗೆ ಆ ಹೆಸರಿಟ್ಟದ್ದು ರೆಡ್ ಸಾಕ್ಸ್‌ನ ಬದ್ಧವೈರಿ ಯಾಂಕೀಸ್‌ನ ಡೆರೆಕ್ ಜೀಟರ್ ಮೇಲಿನ ಅಭಿಮಾನದಿಂದ. ಗಾಯಕ್ಕೆ ಉಪ್ಪು ಎಂದರೆ ಇದೇ.

ಅದೇ ಜುಲೈನಲ್ಲಿ ಡಾಜರ್ಸ್ ಬೆಟ್ಸ್‌ಗೆ ಹನ್ನೆರಡು ವರ್ಷಕ್ಕೆ 36.5 ಕೋಟಿ ಡಾಲರ್ ಕೊಡಲು ಸಹಿ ಹಾಕಿತು. ಅಕ್ಟೋಬರ್‌ನಲ್ಲಿ ಕಪ್ ಗೆದ್ದಿತು. 2024ರಲ್ಲಿ ಮತ್ತೆ, 2025ರಲ್ಲಿ ಮತ್ತೆ. ಇತ್ತ ಡೌನ್ಸ್ ಅವರನ್ನು ಬಾಸ್ಟನ್ 2022ರಲ್ಲೇ ಬಿಟ್ಟುಬಿಟ್ಟಿತು, ವರ್ಡುಗೊ ಅವರನ್ನು 2023ರ ಕೊನೆಗೆ ಅದೇ ಯಾಂಕೀಸ್‌ಗೆ ಕೊಟ್ಟಿತು. ಉಳಿದದ್ದು ಕ್ಯಾಚರ್ ವಾಂಗ್ ಒಬ್ಬರೇ. ರೆಡ್ ಸಾಕ್ಸ್ ಬೇಬ್ ರೂತ್ ಅವರನ್ನು ಯಾಂಕೀಸ್‌ಗೆ ಒಂದು ಲಕ್ಷ ಡಾಲರಿಗೆ ಮಾರಿದ್ದು 1919ರ ಡಿಸೆಂಬರ್‌ನಲ್ಲಿ. ನೂರು ವರ್ಷ ಸರಿಯಾಗಿ ತುಂಬುತ್ತಲೇ ಈ ಕೆಲಸ. ರೂತ್ ಹೋದ ಮೇಲೆ ಆ ತಂಡ ಮುಂದಿನ ಕಪ್ ಎತ್ತಿದ್ದು 2004ರಲ್ಲಿ ಎಂಬುದನ್ನು ಬಾಸ್ಟನ್‌ನ ಪುಟ್ಟ ಮಕ್ಕಳೂ ಹೇಳುತ್ತಾರೆ.

ಈ ಜಗಳದಲ್ಲಿ ಒಂದು ವಿಚಿತ್ರವಿದೆ. ಬೆಟ್ಸ್ ಟ್ರೇಡನ್ನು ಸಮರ್ಥಿಸಿದ ಅಭಿಮಾನಿಗಳೂ ಇದ್ದರು. ಅವರ ವಾದವೆಲ್ಲ ತೆರಿಗೆ ಮಿತಿ, ದಂಡದ ದರ, ಮುಂದಿನ ವರ್ಷಗಳ ಬಜೆಟ್ಟು. ಟಿಕೆಟ್ಟಿಗೆ ದುಡ್ಡು ಕೊಡುವವನು ಕೋಟ್ಯಧೀಶ ಮಾಲೀಕನ ಜೇಬಿನ ಚಿಂತೆ ಮಾಡುತ್ತ ಕೂರುವ ದೃಶ್ಯ ಬೇರೆ ಆಟಗಳಲ್ಲಿ ಇಷ್ಟು ಕಾಣುವುದಿಲ್ಲ. ಓಕ್ಲೆಂಡ್‌ನ ಬಡ ತಂಡ ಲೆಕ್ಕಾಚಾರದ ಬಲದಿಂದ ಗೆದ್ದ ಕಥೆ ಹೇಳುವ ಮೈಕೆಲ್ ಲೂಯಿಸ್ ಅವರ ‘ಮನಿಬಾಲ್’ ಪುಸ್ತಕ 2003ರಲ್ಲಿ ಬಂದಿತ್ತು. ಅಂದಿನಿಂದ ಅಭಿಮಾನಿ ಕ್ಯಾಪ್ಟನ್ ಆಗುವ ಕನಸು ಬಿಟ್ಟು ಜನರಲ್ ಮ್ಯಾನೇಜರ್ ಆಗುವ ಕನಸು ಕಾಣತೊಡಗಿದ ಎಂದರೆ ತಪ್ಪಾಗದು. ಓಕ್ಲೆಂಡ್‌ಗೆ ಆ ಜಿಪುಣತನ ಅನಿವಾರ್ಯವಾಗಿತ್ತು. ಬಾಸ್ಟನ್‌ನಂಥ ಶ್ರೀಮಂತ ತಂಡ ಅದನ್ನೇ ಮಾಡಿ ಜಾಣತನ ಎಂದು ಕರೆದುಕೊಂಡಾಗ ಅಭಿಮಾನಿ ಚಪ್ಪಾಳೆ ತಟ್ಟಬೇಕಾದ ಕಾರಣ ತಿಳಿಯುವುದಿಲ್ಲ.

ಇನ್ನು ಜಾಗದ ಜಗಳ. ಬೇಸ್‌ಬಾಲ್‌ನಲ್ಲಿ ಫೀಲ್ಡರ್ ಓವರಿಗೊಮ್ಮೆ ಜಾಗ ಬದಲಿಸುವುದಿಲ್ಲ. ಒಂಬತ್ತು ಜನ, ಒಂಬತ್ತು ಜಾಗ. ಒಬ್ಬ ಆಟಗಾರ ಹುಡುಗನಾಗಿದ್ದಾಗಿನಿಂದ ಒಂದೋ ಎರಡೋ ಜಾಗಗಳಲ್ಲಿ ಪಳಗಿರುತ್ತಾನೆ. ಎಲ್ಲ ಜಾಗಗಳ ತೂಕ ಒಂದೇ ಅಲ್ಲ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನ ಪಾಡು ನೋಡಿ: ಹೊಡೆದವನು ತೊಂಬತ್ತು ಅಡಿ ಓಡಿ ಮೊದಲನೇ ಬೇಸ್ ಮುಟ್ಟಲು ನಾಲ್ಕು ಸೆಕೆಂಡಿನ ಮೇಲೆ ಚೂರು ಸಾಕು. ಅಷ್ಟರಲ್ಲಿ ಚೆಂಡಿನತ್ತ ಓಡಬೇಕು, ಬಗ್ಗಿ ಹಿಡಿಯಬೇಕು, ಗ್ಲೌಸಿನಿಂದ ಬಲಗೈಗೆ ತಂದುಕೊಳ್ಳಬೇಕು, ಮೈದಾನದ ಅಡ್ಡಕ್ಕೆ ನೇರ ಎಸೆಯಬೇಕು. ಎಡಗೈಯಲ್ಲಿ ಎಸೆಯುವವರಿಗೆ ಮೊದಲನೇ ಬೇಸ್ ಕಡೆ ಎಸೆಯಲು ಇಡೀ ಮೈ ತಿರುಗಿಸಬೇಕಾಗುವುದರಿಂದ ಅವರನ್ನು ಇಲ್ಲಿ ನಿಲ್ಲಿಸುವುದೇ ಇಲ್ಲ. ಮೊದಲನೇ ಬೇಸ್ ಕಾಯುವವನ ಮುಖ್ಯ ಕೆಲಸವೋ, ಬೇರೆಯವರು ಎಸೆದದ್ದನ್ನು ಹಿಡಿಯುವುದು. ಬೇಸ್‌ಬಾಲ್ ಅಂಕಿಅಂಶಗಳ ಪಿತಾಮಹ ಎನ್ನಬಹುದಾದ ಬಿಲ್ ಜೇಮ್ಸ್ ಈ ಜಾಗಗಳನ್ನು ಕಷ್ಟದಿಂದ ಸುಲಭದ ಕಡೆಗೆ ಸಾಲಾಗಿ ಜೋಡಿಸಿದರು. ವಯಸ್ಸಾದಂತೆ ಆಟಗಾರ ಸುಲಭದ ಕಡೆಗೆ ಸರಿಯುತ್ತಾನೆ, ತಿರುಗಿ ಬರುವವರು ವಿರಳ ಎನ್ನುವುದು ಅದರ ಸಾರ.

ಬೆಟ್ಸ್ ಆ ವಿರಳರಲ್ಲಿ ಒಬ್ಬರು. ಕಿರಿಯರ ಲೀಗಿನಲ್ಲಿ ಅವರು ಹೆಚ್ಚಾಗಿ ಎರಡನೇ ಬೇಸ್ ಕಾಯುತ್ತಿದ್ದರು. 2014ರಲ್ಲಿ ಬಾಸ್ಟನ್‌ನ ಮುಖ್ಯ ತಂಡಕ್ಕೆ ಬಂದಾಗ ಆ ಜಾಗದಲ್ಲಿ ಡಸ್ಟಿನ್ ಪೆಡ್ರೋಯಾ ಗಟ್ಟಿಯಾಗಿ ಕೂತಿದ್ದರಿಂದ ಇವರನ್ನು ಹೊರಗಿನ ಮೈದಾನಕ್ಕೆ ಕಳಿಸಿದರು. ಅಲ್ಲಿ ರೈಟ್ ಫೀಲ್ಡರ್ ಆಗಿ ಆರು ಗೋಲ್ಡ್ ಗ್ಲೋವ್ ಪ್ರಶಸ್ತಿ ಗೆದ್ದರು. ಡಾಜರ್ಸ್ 2024ರಲ್ಲಿ ಅವರನ್ನು ಶಾರ್ಟ್‌ಸ್ಟಾಪ್‌ಗೆ ತಂದಾಗ, ಹೊರಗಿನ ಮೈದಾನದ ಅಪ್ಪಟ ಚಿನ್ನವನ್ನು ಒಳಗೆ ತಂದು ಹಿತ್ತಾಳೆ ಮಾಡುತ್ತೀರಾ ಎಂದು ಕೇಳಿದವರಿಗೆ ಕಾರಣವಿತ್ತು; ಎಸೆತಗಳು ತಪ್ಪುತ್ತಿದ್ದವು, ನಡುವೆ ಕೈ ಮೂಳೆ ಮುರಿಯಿತು, ವಾಸಿಯಾದ ಮೇಲೆ ಮತ್ತೆ ರೈಟ್ ಫೀಲ್ಡ್‌ಗೇ ಹೋದರು. 2025ರಲ್ಲಿ, 32ನೇ ವಯಸ್ಸಿನಲ್ಲಿ, ಪೂರ್ತಿ ಸೀಸನ್ ಶಾರ್ಟ್‌ಸ್ಟಾಪ್ ಆಗಿ ಆಡಿ ಆ ಜಾಗದ ಗೋಲ್ಡ್ ಗ್ಲೋವ್‌ನ ಅಂತಿಮ ಪಟ್ಟಿಗೂ ಬಂದರು.

ಜಾಗ ಬದಲಿಸಿದರೆ ತಂಡಕ್ಕೆ ಸಿಗುವ ಲಾಭವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್, 2023ರಲ್ಲಿ ಕೆ.ಎಲ್. ರಾಹುಲ್ ಕೀಪಿಂಗ್ ಗ್ಲೌಸ್ ತೊಟ್ಟದ್ದರಿಂದಲೇ ಭಾರತಕ್ಕೆ ಹೆಚ್ಚುವರಿ ಬ್ಯಾಟರ್‌ಗೆ ಜಾಗ ಸಿಕ್ಕಿತು.

ಎಲ್ಲರೂ ಹಾಗೆ ಒಪ್ಪುವುದಿಲ್ಲ. ಒಪ್ಪಬೇಕೆಂದೂ ಇಲ್ಲ. ಬೆಟ್ಸ್ ಹೋದ ಮೇಲೆ ಬಾಸ್ಟನ್ ತನ್ನ ಭರವಸೆಯನ್ನೆಲ್ಲ ಇಟ್ಟದ್ದು ಮೂರನೇ ಬೇಸ್‌ನ ರಫಾಯೆಲ್ ಡೆವರ್ಸ್ ಮೇಲೆ. 2023ರ ಆರಂಭದಲ್ಲಿ ಅವರಿಗೆ ಹತ್ತು ವರ್ಷಕ್ಕೆ 31.35 ಕೋಟಿ ಡಾಲರ್ ಬರೆದುಕೊಟ್ಟಿತು. ಎರಡು ವರ್ಷ ಕಳೆಯುತ್ತಲೇ ಅದೇ ಜಾಗದ ಅಲೆಕ್ಸ್ ಬ್ರೆಗ್‌ಮನ್ ಅವರನ್ನು ಕರೆತಂದು, ಡೆವರ್ಸ್‌ಗೆ ಗ್ಲೌಸ್ ಪಕ್ಕಕ್ಕಿಟ್ಟು ಬರೀ ಬ್ಯಾಟ್ ಮಾಡು ಎಂದಿತು. ಅವರು ಮುನಿಸಿಕೊಂಡರೂ ಮಾಡಿದರು, ಚೆನ್ನಾಗಿಯೇ ಹೊಡೆದರು. 2025ರ ಮೇ ತಿಂಗಳಲ್ಲಿ ಮೊದಲನೇ ಬೇಸ್‌ನ ಟ್ರಿಸ್ಟನ್ ಕಸಾಸ್ ಮಂಡಿಗೆ ಪೆಟ್ಟಾಗಿ ಸೀಸನ್ನಿಂದಲೇ ಹೊರಬಿದ್ದರು. ಈಗ ಗ್ಲೌಸ್ ಮತ್ತೆ ತಗೋ, ಮೊದಲನೇ ಬೇಸ್ ಕಾಯಿ ಎಂದರು. ಡೆವರ್ಸ್ ಆಗುವುದಿಲ್ಲ ಎಂದು ಪತ್ರಕರ್ತರ ಮುಂದೆಯೇ ಹೇಳಿದರು. ತಂಡದ ಮಾಲೀಕರೇ ವಿಮಾನ ಹತ್ತಿ ಕ್ಯಾನ್ಸಸ್ ಸಿಟಿಗೆ ಹೋಗಿ ಮಾತಾಡಿದರು.

ಬಾಸ್ಟನ್ ಎರಡು ಪಾಳೆಯವಾಯಿತು. ಅಷ್ಟು ಸಂಬಳ ತಗೊಳ್ಳುವವನು ಹೇಳಿದ ಕಡೆ ನಿಲ್ಲಬೇಕು ಎಂದು ಕೆಲವರು. ಕೊಟ್ಟ ಮಾತು ಎರಡು ಸಲ ಮುರಿದವರು ಯಾವ ಮುಖ ಹೊತ್ತು ಕೇಳುತ್ತಾರೆ ಎಂದು ಮತ್ತೆ ಕೆಲವರು. ಜೂನ್ 15ರಂದು ಯಾಂಕೀಸ್ ವಿರುದ್ಧ ಡೆವರ್ಸ್ ಹೋಮ್ ರನ್ ಹೊಡೆದರು, ತಂಡ ಗೆದ್ದಿತು, ಸಂಜೆಯ ಹೊತ್ತಿಗೆ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಟ್ರೇಡ್ ಮಾಡಲಾಯಿತು. ಐದೇ ದಿನಕ್ಕೆ ರೆಡ್ ಸಾಕ್ಸ್ ಅದೇ ಊರಿಗೆ ಆಡಲು ಹೋಗಬೇಕಾಯಿತು. ಎರಡನೇ ಪಂದ್ಯದಲ್ಲಿ ಡೆವರ್ಸ್ ಹಳೆಯ ತಂಡದ ಮೇಲೆಯೇ ಹೋಮ್ ರನ್ ಬಾರಿಸಿದರು. ಹೊಸ ತಂಡ ಕೇಳಿದಾಗ ಮೊದಲನೇ ಬೇಸ್ ಕಾಯಲೂ ಒಪ್ಪಿದರು! ಕೆಲಸ ಅದೇ, ಕೇಳಿದವರು ಬೇರೆ. ಆ ವರ್ಷ ಬಾಸ್ಟನ್ ಪ್ಲೇಆಫ್‌ಗೆ ಹೋಯಿತು, ಸ್ಯಾನ್ ಫ್ರಾನ್ಸಿಸ್ಕೊ ಹೋಗಲಿಲ್ಲ. ಹಾಗಾಗಿ ಟ್ರೇಡ್ ಸರಿಯಿತ್ತು ಎನ್ನುವವರ ಕೈಯಲ್ಲೂ ಒಂದು ಎಲೆ ಉಳಿದಿದೆ.

ಮೂರನೆಯದು ಡ್ರಾಫ್ಟ್. ಹೊರಗಿನವರಿಗೆ ಅತಿ ಬೇಸರದ್ದೆನಿಸಿದರೂ ಒಳಹೊಕ್ಕರೆ ಇದರಷ್ಟು ಸ್ವಾರಸ್ಯ ಬೇರೆಯದರಲ್ಲಿಲ್ಲ.

ಐಪಿಎಲ್ ಹರಾಜಿನಲ್ಲಿ ಹತ್ತು ತಂಡ ಕೂಗಿದಷ್ಟೂ ಆಟಗಾರನ ಬೆಲೆ ಏರುತ್ತದೆ. ಡ್ರಾಫ್ಟ್ ಅದರ ತದ್ವಿರುದ್ಧ. ಹೈಸ್ಕೂಲು, ಕಾಲೇಜುಗಳ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸುತ್ತವೆ. ಒಂದು ತಂಡ ಹೆಸರು ಕೂಗಿತೆಂದರೆ ಆ ಹುಡುಗ ಆ ವರ್ಷ ಆ ತಂಡದ ಜೊತೆ ಮಾತ್ರ ಚೌಕಾಸಿ ಮಾಡಬಹುದು. ಒಪ್ಪದಿದ್ದರೆ ಕಾಲೇಜಿಗೆ ಹೋಗಬೇಕು. ಇದು ಶುರುವಾದದ್ದು 1965ರಲ್ಲಿ, ಮುಖ್ಯವಾಗಿ ಹೊಸಬರಿಗೆ ಕೊಡುವ ಬೋನಸ್ ಹತೋಟಿಗೆ ತರಲು. ಅದಕ್ಕೂ ಮೊದಲು ಇನ್ನೊಂದು ಉಪಾಯ ಹೂಡಿದ್ದರು: ನಾಲ್ಕು ಸಾವಿರ ಡಾಲರಿಗಿಂತ ಹೆಚ್ಚು ಕೊಟ್ಟು ತಂದ ಹುಡುಗನನ್ನು ಎರಡು ವರ್ಷ ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು, ಕಿರಿಯರ ಲೀಗಿಗೆ ಕಳಿಸಿ ಪಳಗಿಸುವಂತಿಲ್ಲ. ಆಗ ಬ್ರೂಕ್ಲಿನ್‌ನಲ್ಲಿದ್ದ ಡಾಜರ್ಸ್ 14,000 ಡಾಲರ್ ಬೋನಸ್ ಕೊಟ್ಟು ತಂದ ಸ್ಯಾಂಡಿ ಕೌಫಾಕ್ಸ್, ಮುಂದೆ ಆಟದ ದಂತಕಥೆಯಾದವರು, ಆ ನಿಯಮದಿಂದಾಗಿ ಶುರುವಿನ ವರ್ಷಗಳನ್ನು ಹೆಚ್ಚಾಗಿ ಬೆಂಚಿನ ಮೇಲೆ ಕೂತು ಕಳೆದರು.

ಬೆಟ್ಸ್ ಡ್ರಾಫ್ಟಾದದ್ದು 2011ರಲ್ಲಿ, ಐದನೇ ಸುತ್ತಿನಲ್ಲಿ, 172ನೆಯವರಾಗಿ. ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದ ಕುಳ್ಳ ಹುಡುಗ. ಕಾಲೇಜು ಬಿಡಿಸಿ ಕರೆತರಲು ಬಾಸ್ಟನ್ ಏಳೂವರೆ ಲಕ್ಷ ಡಾಲರ್ ಕೊಟ್ಟಿತು. ಐದನೇ ಸುತ್ತಿಗೆ ಲೀಗ್ ಸೂಚಿಸುತ್ತಿದ್ದ ಮೊತ್ತದ ಹಲವು ಪಟ್ಟು. ಆಗ ಆ ಮೊತ್ತ ಬರೀ ಸೂಚನೆ; ಮೀರಿದರೆ ಕೇಳುವವರಿರಲಿಲ್ಲ. ಸೋತು ಸುಣ್ಣವಾಗಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ಕೂಡ ಅದೇ ವರ್ಷ ಅದನ್ನೇ ಮಾಡಿತು. ನನ್ನನ್ನು ಆರಿಸಬೇಡಿ, ಕಾಲೇಜಿಗೆ ಹೋಗುತ್ತೇನೆ ಎಂದು ತಂಡಗಳಿಗೆ ಪತ್ರವನ್ನೇ ಬರೆದಿದ್ದ ಜಾಶ್ ಬೆಲ್ ಅವರನ್ನು ಎರಡನೇ ಸುತ್ತಿನಲ್ಲಿ ಆರಿಸಿ, 50 ಲಕ್ಷ ಡಾಲರ್ ಮುಂದಿಟ್ಟು ಮನಸ್ಸು ಬದಲಿಸಿತು. ಆ ಒಂದು ಡ್ರಾಫ್ಟಿಗೆ ಪೈರೇಟ್ಸ್ ಸುರಿದದ್ದು ಸುಮಾರು 1.7 ಕೋಟಿ ಡಾಲರ್.

ಮರುವರ್ಷ ಬಾಗಿಲು ಮುಚ್ಚಿತು. ಮೊದಲ ಹತ್ತು ಸುತ್ತಿನ ಪ್ರತಿ ಆಯ್ಕೆಗೂ ಒಂದು ಬೆಲೆ. ಒಂದು ತಂಡದ ಆಯ್ಕೆಗಳ ಬೆಲೆ ಕೂಡಿದರೆ ಆ ತಂಡದ ಬೊಕ್ಕಸ. ಐದು ಶೇಕಡದವರೆಗೆ ಮೀರಿದರೆ ಮೀರಿದ ಮೊತ್ತದ ಮೇಲೆ 75 ಶೇಕಡ ತೆರಿಗೆ. ಅದನ್ನೂ ದಾಟಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯೇ ಹೋಯಿತು. ತೆರಿಗೆ ಕಟ್ಟಿ ಐದರೊಳಗೆ ಮೀರುವ ತಂಡಗಳು ಪ್ರತಿ ವರ್ಷ ಇವೆ; ಐದನ್ನು ದಾಟಿದ ತಂಡ ಈವರೆಗೆ ಒಂದೂ ಇಲ್ಲ.

ದುಡ್ಡಿಗೆ ಕಟ್ಟು ಹಾಕಿದರೆ ಬುದ್ಧಿ ಬೇರೆ ದಾರಿ ಹುಡುಕುತ್ತದೆ. 2012ರಲ್ಲಿ ಮೊದಲ ಆಯ್ಕೆ ಹ್ಯೂಸ್ಟನ್ ಆಸ್ಟ್ರೋಸ್‌ನದು, ಅದರ ಬೆಲೆ 72 ಲಕ್ಷ ಡಾಲರ್. ಬೈರನ್ ಬಕ್ಸ್‌ಟನ್ ಅವರನ್ನೇ ಮೊದಲನೆಯವರೆಂದು ಅನೇಕ ಪಾರಖಿಗಳು ಎಣಿಸಿದ್ದರೂ ಹ್ಯೂಸ್ಟನ್ ಪೋರ್ಟೊರಿಕೊದ ಕಾರ್ಲೋಸ್ ಕೊರೆಯಾ ಅವರನ್ನು ಆರಿಸಿ 48 ಲಕ್ಷಕ್ಕೆ ಒಪ್ಪಿಸಿತು. ಉಳಿದ 24 ಲಕ್ಷ ಎಲ್ಲಿಗೆ? ದುಬಾರಿಯೆಂದು ಬೇರೆಯವರು ಬಿಟ್ಟಿದ್ದ ಲ್ಯಾನ್ಸ್ ಮೆಕಲರ್ಸ್ ಅವರನ್ನು 41ನೆಯವರಾಗಿ ಆರಿಸಿ 25 ಲಕ್ಷ, ನಾಲ್ಕನೇ ಸುತ್ತಿನ ರಿಯೊ ರೂಯಿಜ್‌ಗೆ 18.5 ಲಕ್ಷ. ಐದು ವರ್ಷದ ನಂತರ ಹ್ಯೂಸ್ಟನ್ ಕಪ್ ಗೆದ್ದಾಗ ಕೊರೆಯಾ ಶಾರ್ಟ್‌ಸ್ಟಾಪ್. ಫೈನಲಿಗೆ ಒಯ್ದ ಪಂದ್ಯದಲ್ಲಿ ಯಾಂಕೀಸ್‌ಗೆ ಸತತ 24 ಕರ್ವ್‌ಬಾಲ್ ಎಸೆದು ಆಟ ಮುಗಿಸಿದವರು ಮೆಕಲರ್ಸ್. ರೂಯಿಜ್ ಅವರನ್ನು ಅಷ್ಟರಲ್ಲಿ ಟ್ರೇಡಿಗೆ ಬಳಸಿ ಆಗಿತ್ತು. ಆ ಕಪ್ಪಿಗೆ ಮುಂದೆ ಎದುರಾಳಿಗಳ ಸನ್ನೆ ಕದ್ದ ಹಗರಣದ ಮಸಿ ಬಳಿಯಿತು, ಅದು ಬೇರೆ ಮಾತು. 2025ರಲ್ಲಿ ವಾಷಿಂಗ್ಟನ್ ಕೂಡ ಇದೇ ಜಾಡು ಹಿಡಿಯಿತು: ಮೊದಲ ಆಯ್ಕೆಯ ಬೆಲೆ 1.1 ಕೋಟಿ ಡಾಲರ್ ಮೀರಿದ್ದರೂ, ಹದಿನೇಳು ವರ್ಷದ ಈಲೈ ವಿಲಿಟ್ಸ್‌ಗೆ ಕೊಟ್ಟದ್ದು 82 ಲಕ್ಷ.

ಈ ಉಳಿತಾಯದ ಆಟದಲ್ಲಿ ಬಲಿಯಾಗುವವರು ಕಾಲೇಜಿನ ಕೊನೆಯ ವರ್ಷದವರು. ಬೇಡ ಎಂದರೆ ವಾಪಸು ಹೋಗಲು ಅವರಿಗೆ ಕಾಲೇಜೇ ಉಳಿದಿರುವುದಿಲ್ಲ. ಅಂಥವರನ್ನು ಒಂಬತ್ತು, ಹತ್ತನೇ ಸುತ್ತಿನಲ್ಲಿ ಆರಿಸಿ ಕೆಲವು ಸಾವಿರ ಡಾಲರಿಗೆ ಸಹಿ ಹಾಕಿಸಿಕೊಂಡು, ಮಿಕ್ಕದ್ದನ್ನು ಮೇಲಿನವರಿಗೆ ಹಂಚುತ್ತಾರೆ.

ಲೆಕ್ಕ ಉಲ್ಟಾ ಹೊಡೆಯುವುದೂ ಉಂಟು. 2014ರಲ್ಲಿ ಹ್ಯೂಸ್ಟನ್ ಮೊದಲು ಆರಿಸಿದ ಪಿಚರ್ ಬ್ರೇಡಿ ಏಕನ್ ಜೊತೆ 65 ಲಕ್ಷಕ್ಕೆ ಮಾತಾಗಿತ್ತು. ವೈದ್ಯಕೀಯ ಪರೀಕ್ಷೆಯಲ್ಲಿ ಮೊಣಕೈ ಬಗ್ಗೆ ಅನುಮಾನ ಬಂದು ತಂಡ ಮೊತ್ತ ಇಳಿಸಿತು, ಮತ್ತೆ ಏರಿಸಿತು, ಹುಡುಗ ಒಪ್ಪಲಿಲ್ಲ. ಸಹಿ ಹಾಕದ ಆಟಗಾರನ ಬೆಲೆ ಬೊಕ್ಕಸದಿಂದಲೇ ಮಾಯವಾಗುವುದರಿಂದ, ಐದನೇ ಸುತ್ತಿನ ಜೇಕಬ್ ನಿಕ್ಸ್‌ಗೆ ಒಪ್ಪಿಕೊಂಡಿದ್ದ 15 ಲಕ್ಷವೂ ಮುರಿದುಬಿತ್ತು. ತನ್ನದೇನೂ ತಪ್ಪಿಲ್ಲದ ಹುಡುಗ ಇನ್ನೊಬ್ಬನ ಮೊಣಕೈಗೆ ಬೆಲೆ ತೆತ್ತ. ಮರುವರ್ಷ ಏಕನ್ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ದೊಡ್ಡ ಲೀಗನ್ನು ಅವರು ಮುಟ್ಟಲೇ ಇಲ್ಲ. ಪರಿಹಾರವಾಗಿ ಸಿಕ್ಕ ಆಯ್ಕೆಯಲ್ಲಿ ಹ್ಯೂಸ್ಟನ್ ತಂದದ್ದು ಒಬ್ಬ ಶಾರ್ಟ್‌ಸ್ಟಾಪನ್ನು. ಆ ಜಾಗದಲ್ಲಿ ಕೊರೆಯಾ ಇದ್ದುದರಿಂದ ಅವರನ್ನು ಮೂರನೇ ಬೇಸ್‌ಗೆ ಸರಿಸಿದರು. ಹತ್ತು ವರ್ಷದ ಮೇಲೆ ಬಾಸ್ಟನ್‌ಗೆ ಬಂದು ಡೆವರ್ಸ್ ಜಾಗಕ್ಕೆ ಕೂತ ಬ್ರೆಗ್‌ಮನ್ ಅವರೇ.

ಈ ಬೊಕ್ಕಸದ ನಿಯಮ ಬಡ ತಂಡಗಳ ಹಿತಕ್ಕೆ ಎಂದು ನಂಬಿದ ಅಭಿಮಾನಿಗಳು ಬಹಳ. ಆದರೆ ಪೈರೇಟ್ಸ್‌ಗೆ ಅಗ್ಗದಲ್ಲಿ ಪ್ರತಿಭೆ ಕೊಳ್ಳಲು ಇದ್ದ ದೊಡ್ಡ ದಾರಿ ಎಂದರೆ ಡ್ರಾಫ್ಟಿನಲ್ಲಿ ಸೂಚನೆ ಮೀರಿ ಸುರಿಯುವುದೇ ಆಗಿತ್ತು. ನ್ಯೂಯಾರ್ಕ್‌ನವರು ಒಬ್ಬ ಸ್ಟಾರ್ ಆಟಗಾರನಿಗೆ ಒಂದು ವರ್ಷಕ್ಕೆ ಕೊಡುವ ಸಂಬಳದಲ್ಲಿ ಇಡೀ ಡ್ರಾಫ್ಟ್ ಮುಗಿಯುತ್ತಿತ್ತು. ಮಿತಿಗೆ ಸಹಿ ಹಾಕಿದವರು ಮಾಲೀಕರು ಮತ್ತು ಆಟಗಾರರ ಸಂಘ. ಡ್ರಾಫ್ಟಿಗೆ ನಿಲ್ಲುವ ಹುಡುಗರು ಆ ಸಂಘದ ಸದಸ್ಯರೇ ಅಲ್ಲ.

ಡೊಮಿನಿಕನ್ ರಿಪಬ್ಲಿಕ್‌ನ ಡೆವರ್ಸ್ ಈ ಡ್ರಾಫ್ಟಿನ ಮೂಲಕ ಬಂದವರಲ್ಲ. ಅಮೆರಿಕ, ಕೆನಡಾ, ಪೋರ್ಟೊರಿಕೊ ಬಿಟ್ಟು ಹೊರಗಿನ ಹುಡುಗರು ಹದಿನಾರಕ್ಕೇ ತಮಗೆ ಬೇಕಾದ ತಂಡದ ಜೊತೆ ಸಹಿ ಹಾಕಬಹುದು. 2013ರಲ್ಲಿ ಡೆವರ್ಸ್‌ಗೆ ಸಿಕ್ಕಿದ್ದು 15 ಲಕ್ಷ ಡಾಲರ್. ಇಂಥ ಹೊರಗಿನ ಹುಡುಗರಿಗೂ ಡ್ರಾಫ್ಟ್ ತರಬೇಕೆಂದು ಮಾಲೀಕರು ಕೇಳುತ್ತಲೇ ಇದ್ದಾರೆ, 2022ರ ಜುಲೈನಲ್ಲಿ ಸಂಘ ಒಪ್ಪಲಿಲ್ಲ. ಮಾಲೀಕರು ಮತ್ತು ಸಂಘದ ನಡುವಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನದು ಮುಗಿದಾಗ ಮಾಲೀಕರು 99 ದಿನ ಬೀಗ ಹಾಕಿದ್ದರು. 1994ರಲ್ಲಿ ಒಟ್ಟು ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಹೇರಲು ಹೋದಾಗ ಆಟಗಾರರು ಮುಷ್ಕರ ಹೂಡಿದರು, ಆ ವರ್ಷದ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಡಾಜರ್ಸ್ ಸತತ ಎರಡು ಸಲ ಗೆದ್ದ ಮೇಲೆ ಅದೇ ಮಿತಿಯ ಮಾತು ಮತ್ತೆ ಎದ್ದಿದೆ, ಈ ಸಲ ಅದನ್ನು ಕೇಳುತ್ತಿರುವವರಲ್ಲಿ ಸಣ್ಣ ಊರುಗಳ ಅಭಿಮಾನಿಗಳೂ ಇದ್ದಾರೆ.